ತೊಳೀಬೇಡ ಪುಟ್ಟಾ

ಪುಟ್ಟಾ, ಪಕ್ಕದ ಬೀದಿಯ ಅಜ್ಜಿಯ ಮನೆ ಸಾಮಾನು ಮಾರಿದಾಗ ಹನ್ನೊಂದು ಬೆಳ್ಳಿ ಡಾಲರ್ ನಿನ್ನ ಕೈ ಸೇರಿದವು ಅಂತ ಕೇಳಿ ತುಂಬ ಖುಷಿಯಾಯಿತು. ಆದರೆ ಫೋನ್ ಇಡುವ ಮೊದಲು ‘ಮಾಮಾ, ಕಪ್ಪಾಗಿವೆ, ಅಮ್ಮ ವಿಭೂತಿ ಹಾಕಿ ತಿಕ್ಕಿಕೊಡ್ತಾಳಂತೆ’ ಅಂದೆಯಲ್ಲ, ಅಲ್ಲಿಂದ ನನಗೆ ಸಮಾಧಾನವಿಲ್ಲ. ತೊಳೀಬೇಡ ಮಗನೇ. ಒದ್ದೆ ಬಟ್ಟೆಯಲ್ಲೂ ಒರೆಸಬೇಡ.

ನಮ್ಮ ಮನೆಗಳಲ್ಲಿ ಬೆಳ್ಳಿ ಅಂದರೆ ಹಬ್ಬದ ಹಿಂದಿನ ದಿನ ಫಳಫಳ ಹೊಳೆಯಬೇಕು. ದೀಪದ ಕಂಬಕ್ಕೆ, ಪಂಚಪಾತ್ರೆಗೆ ಅದು ಸರಿ. ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾನೂ 1884ರ ಕಾರ್ಸನ್ ಸಿಟಿಯ ಡಾಲರೊಂದನ್ನು ಹಾಗೇ ತಿಕ್ಕಿದೆ. ನಾಣ್ಯದ ಅಂಗಡಿಯವನು ಅದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದ. ಮೈತುಂಬ ಕೂದಲೆಳೆಯಂಥ ಗೀರು. ಮಾತಾಡದೆ ಪಕ್ಕಕ್ಕೆ ಇಟ್ಟುಬಿಟ್ಟ. ಆಮೇಲೆ ಅವನೇ ಕೈ ತಾಗದ ಇನ್ನೊಂದು ನಾಣ್ಯ ತೆಗೆದು ಮೆಲ್ಲಗೆ ಓಲಾಡಿಸಿ ತೋರಿಸಿದ. ಬೆಳಕಿನ ಪಟ್ಟಿ ಗಾಡಿಚಕ್ರದ ಅರಗಳ ಹಾಗೆ ಅದರ ಮೇಲೆ ಸುತ್ತುತ್ತಿತ್ತು. ಅಚ್ಚು ಒತ್ತಿದಾಗ ಬೆಳ್ಳಿ ಅಂಚಿನತ್ತ ಸರಿದು ಮೂಡುವ ಸಣ್ಣ ಸಣ್ಣ ಗೆರೆಗಳಿಂದ ಬರುವ ಹೊಳಪು ಅದು. ಒಮ್ಮೆ ತಿಕ್ಕಿದರೆ ಯಾರಿಂದಲೂ ವಾಪಸ್ ತರಲಾಗದು.

ಮೆತ್ತನೆ ಟವೆಲ್ ಹಾಸಿ, ಅಂಚು ಮಾತ್ರ ಹಿಡಿದು ಒಂದೊಂದನ್ನೇ ನೋಡು. ಮುಡಿಯಲ್ಲಿ ಹತ್ತಿ, ಗೋಧಿ ತೆನೆ ಸಿಕ್ಕಿಸಿಕೊಂಡ ತುಂಬುಮುಖದ ಹೆಂಗಸಿದ್ದರೆ ಅದು ಮಾರ್ಗನ್ ಡಾಲರ್: 1878ರಿಂದ 1904, ಮತ್ತೆ 1921. ಕಿರಣಗಳ ಕಿರೀಟವಿದ್ದರೆ ಪೀಸ್ ಡಾಲರ್: 1921ರಿಂದ 28, ಆಮೇಲೆ 1934, 35. ಆ ವರ್ಷಗಳವು ಎರಡೂ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಒಡವೆ ತೂಗುವ ಸಣ್ಣ ತಕ್ಕಡಿ ಕೊಂಡುಕೋ. ಅಯಸ್ಕಾಂತಕ್ಕೆ ಅಂಟಿದರೆ ಖೋಟಾ ಅಂತಲೇ ತಿಳಿ. ಒಂದರಲ್ಲಿ ಸುಮಾರು 24 ಗ್ರಾಂ ಅಪ್ಪಟ ಬೆಳ್ಳಿ ಇದೆ; ಆ ದಿನದ ಬೆಳ್ಳಿ ದರ ನೋಡದೆ ಯಾರಿಗೂ ಕೊಡಬೇಡ.

ಇನ್ನು ಹಿಂಬದಿಗೆ ಬಾ. ಮಾರ್ಗನ್‌ನಲ್ಲಿ ಹದ್ದಿನ ಕೆಳಗಿನ ಎಲೆಮಾಲೆಯ ಗಂಟಿನಡಿ ಪುಟ್ಟ ಅಕ್ಷರವಿರುತ್ತದೆ, ಅದು ಟಂಕಸಾಲೆಯ ಗುರುತು. ‘ಸಿಸಿ’ ಕಾರ್ಸನ್ ಸಿಟಿ, ‘ಓ’ ನ್ಯೂ ಆರ್ಲಿಯನ್ಸ್, ‘ಎಸ್’ ಸ್ಯಾನ್ ಫ್ರಾನ್ಸಿಸ್ಕೊ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಬೆಲೆಯ ಗುಟ್ಟೆಲ್ಲ ಬಹುಪಾಲು ಈ ಚೂರು ಜಾಗದಲ್ಲಿದೆ. 1921ರ ಮಾರ್ಗನ್ ಫಿಲಡೆಲ್ಫಿಯಾ ಒಂದರಲ್ಲೇ ನಾಲ್ಕು ಕೋಟಿಗೂ ಮೇಲೆ ಬಂದವು. 1893ರ ‘ಎಸ್’ ಬಂದದ್ದು ಒಂದೇ ಲಕ್ಷ. ಅದಕ್ಕೇ ಸಾಧಾರಣ ನಾಣ್ಯಕ್ಕೆ ‘ಎಸ್’ ಅಂಟಿಸಿ ಮಾರುವ ಮೋಸಗಾರರಿದ್ದಾರೆ. ಭೂತಗನ್ನಡಿಯಲ್ಲಿ ಅಕ್ಷರದ ಬುಡ ನೋಡು, ಕೂಡಿಸಿದ ಗೆರೆ ಕಂಡೀತು.

ಎಷ್ಟು ಅಚ್ಚಾದವು ಅನ್ನುವ ಲೆಕ್ಕವನ್ನೂ ಪೂರ್ತಿ ನಂಬಬೇಡ. 1918ರ ಪಿಟ್‌ಮನ್ ಕಾಯಿದೆಯಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿದರು. 1903ರ ನ್ಯೂ ಆರ್ಲಿಯನ್ಸ್ ಡಾಲರೂ ಹಾಗೇ ಮುಗಿದುಹೋಯಿತು ಅಂತ ಜನ ದೊಡ್ಡ ಮೊತ್ತ ಕೊಡುತ್ತಿದ್ದರು. 1962ರಲ್ಲಿ ಖಜಾನೆಯಿಂದ ಮೂಟೆಮೂಟೆಯಾಗಿ ಹೊರಬಂತು. ಬೆಲೆ ಕುಸಿದುಬಿತ್ತು.

ಸವೆತ ನೋಡಲು ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ ಸಾಕು. ಮೊದಲು ತೇಯುವುದೇ ಆ ಉಬ್ಬುಗಳು. ಬೆಲೆ ತಿಳಿಯಬೇಕಾದರೆ ಮಾರುವವರು ಕೇಳುವ ಮೊತ್ತ ಬಿಡು, ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ನೋಡು.

ಡಾಲರ್ ನಾಣ್ಯವೆಲ್ಲ ಬೆಳ್ಳಿಯೂ ಅಲ್ಲ. ಅಂಗಡಿ ಚಿಲ್ಲರೆಯಲ್ಲಿ ಬರುವ ಸಕಾಜವೇಯ ಡಾಲರ್ ಬಣ್ಣಕ್ಕೆ ಮಾತ್ರ ಚಿನ್ನ, ಅದರಲ್ಲಿ ಬಂಗಾರದ ಚೂರೂ ಇಲ್ಲ. ಐಸೆನ್‌ಹೋವರ್ ಡಾಲರ್ ಸಿಕ್ಕರೆ ತೂಗು: 24.59 ಗ್ರಾಂ ಇದ್ದರೆ ನೂರಕ್ಕೆ ನಲವತ್ತು ಬೆಳ್ಳಿ, 22.68 ಇದ್ದರೆ ಬರೀ ತಾಮ್ರ-ನಿಕಲ್.

ನಾಳೆ ಕಿಟಕಿ ಬೆಳಕಿನಲ್ಲಿ ಹನ್ನೊಂದರ ಎರಡೂ ಬದಿ ಫೋಟೊ ತೆಗೆದು ಕಳಿಸು. ಅಲ್ಲಿಯವರೆಗೆ ಮೆತ್ತನೆ ಪಿವಿಸಿ ಕವರಿನಲ್ಲಿ ತುಂಬಬೇಡ, ಹಸಿರು ಜಿಡ್ಡು ಹತ್ತುತ್ತದೆ. ಒಂದಕ್ಕೊಂದು ತಾಗದ ಹಾಗೆ ಕಾಗದದ ಪೊಟ್ಟಣದಲ್ಲಿಡು. ಅಮ್ಮನಿಗೆ ನಾನೇ ಬೆಳಿಗ್ಗೆ ಫೋನ್ ಮಾಡಿ ಹೇಳುತ್ತೇನೆ.