ಬಾಟ್ಲಲ್ಲಿ ಬದುಕೋ ಮನಿ ಪ್ಲಾಂಟ್ ಕುಂಡದಲ್ಲಿ ಯಾಕೆ ಕೊಳೆಯುತ್ತೆ?

ನಮ್ಮ ಅಜ್ಜಿ ಫೋನ್ ಮಾಡಿದಾಗಲೆಲ್ಲ ಕೇಳೋದು ಎರಡೇ ಪ್ರಶ್ನೆ. ಊಟ ಆಯ್ತಾ? ಗಿಡ ಹೆಂಗಿದೆ? ಎರಡಕ್ಕೂ ನಾನು ಸುಳ್ಳು ಹೇಳ್ತಿದ್ದೆ.

ಗಿಡ ಅಂದ್ರೆ ಮನಿ ಪ್ಲಾಂಟ್. ವಿದುರಾಶ್ವತ್ಥದ ನಮ್ಮ ಮನೆ ಹಿತ್ತಲಲ್ಲಿ ತೆಂಗಿನ ಮರಕ್ಕೆ ಹಬ್ಬಿಕೊಂಡು ಮೊರದಗಲ ಎಲೆ ಬಿಡ್ತಿದ್ದ ಬಳ್ಳಿ. ಹೋದ ಬೇಸಿಗೆಯಲ್ಲಿ ಕಾಂಪೌಂಡ್ ಕಟ್ಟುವಾಗ ಆ ಮರವೂ ಹೋಯ್ತು, ಬಳ್ಳಿಯೂ ಹೋಯ್ತು. ಅದಕ್ಕೂ ಮುಂಚೆ ಅಜ್ಜಿ ನನಗೆ ಹಾಸ್ಟೆಲ್‌ಗೆ ಅಂತ ಕುಂಡದಲ್ಲಿ ನೆಟ್ಟು ಕೊಟ್ಟಿದ್ದ ಒಂದು ತುಂಡು ಮಾತ್ರ ಉಳಿದಿತ್ತು. ಅದನ್ನ ನಾನು ಆಗಸ್ಟ್ ತಿಂಗಳ ಮಳೆಯಲ್ಲಿ ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದೆ.

ಆಗಿದ್ದಿಷ್ಟು. ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದವು. ಬಾಡಿದೆ ಅಂತ ನೀರು ಹಾಕಿದೆ. ರೂಮ್‌ಮೇಟ್ ಕೂಡ ಪಾಪ ಅಂತ ಹಾಕ್ತಿದ್ದ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ವಾರ ಕಳೆಯೋದ್ರಲ್ಲಿ ಕುಂಡದಿಂದ ಚರಂಡಿ ವಾಸನೆ ಬರೋಕೆ ಶುರುವಾಯ್ತು. ಶನಿವಾರ ಕುಂಡವನ್ನ ತೊಡೆ ಮೇಲಿಟ್ಟುಕೊಂಡು ರೈಲಲ್ಲಿ ಗೌರಿಬಿದನೂರಿಗೆ ಬಂದು ಊರು ಸೇರಿದೆ.

ತಾತ ಹಿಂದೆ ಹಿಪ್ಪುನೇರಳೆ ಬೆಳೆದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕ್ತಿದ್ದವರು. ಕುಂಡ ಬೋರಲು ಹಾಕಿ ಗಿಡ ಹೊರಗೆಳೆದರು. ಬೇರೊಂದನ್ನ ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಥರ ಜಾರಿ ಬಂತು, ಒಳಗೆ ಬರೀ ದಾರ ಉಳೀತು. "ಬೇರು ಕೊಳೆತಿದೆ, ನೀರು ಜಾಸ್ತಿ ಆಗಿದೆ" ಅಂದರು. ನಾನು ಸುಮ್ಮನಿರಬೇಕಿತ್ತು. "ತಾತ, ಈ ಗಿಡಾನ ಜನ ಬರೀ ನೀರಿನ ಬಾಟ್ಲಲ್ಲೇ ವರ್ಷಗಟ್ಟಲೆ ಇಟ್ಟಿರ್ತಾರಲ್ಲ, ಅದು ಹೆಂಗೆ ಸಾಯಲ್ಲ?" ಅಂದೆ. "ಅದನ್ನ ನಿಮ್ಮ ಕಾಲೇಜಲ್ಲಿ ಕೇಳು" ಅಂದರು.

ಕಾಲೇಜಲ್ಲಿ ಕೇಳಲಿಲ್ಲ, ಓದಿಕೊಂಡೆ. ಬೇರು ಕೂಡ ಉಸಿರಾಡುತ್ತೆ. ಅದಕ್ಕೆ ಆಕ್ಸಿಜನ್ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಸರಿ, ಆ ಸಂದುಗಳಿಗೆ ನೀರು ತುಂಬಿದರೆ ಕಷ್ಟ. ಯಾಕಂದ್ರೆ ನೀರಿನಲ್ಲಿ ಆಕ್ಸಿಜನ್ ಡಿಫ್ಯೂಸ್ ಆಗೋದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಅದೂ ಅಲ್ಲದೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರೋದು 8 ಮಿಲಿಗ್ರಾಂ ಆಸುಪಾಸು. ಆ ಎಂಟನ್ನೂ ಕುಂಡದಲ್ಲಿ ಗೊಬ್ಬರ ತಿನ್ನೋ ಬ್ಯಾಕ್ಟೀರಿಯಾಗಳು ಮೊದಲೇ ಮುಗಿಸಿಬಿಡುತ್ತವೆ. ಬಾಟ್ಲಲ್ಲಿ ಗೊಬ್ಬರ ಇಲ್ಲ, ಆದ್ದರಿಂದ ಅಷ್ಟು ತಿನ್ನೋರೂ ಇಲ್ಲ. ಮೇಲೆ ಗಾಳಿ ತಾಗುತ್ತೆ, ನಾವು ಆಗಾಗ ನೀರೂ ಬದಲಾಯಿಸ್ತೀವಿ. ಜೊತೆಗೆ ನೀರಲ್ಲೇ ಹುಟ್ಟಿದ ಬೇರು ಒಳಗೆ ಗಾಳಿ ಹೋಗೋಕೆ ದಾರಿ ಮಾಡಿಕೊಂಡೇ ಬೆಳೆಯುತ್ತೆ. ಮಣ್ಣಲ್ಲಿ ಬೆಳೆದ ಬೇರಿಗೆ ಆ ಸಿದ್ಧತೆ ಇರಲ್ಲ. ಅಂದ್ರೆ ನನ್ನ ಗಿಡ ಸತ್ತಿದ್ದು ನೀರು ಕುಡಿದಲ್ಲ, ಉಸಿರು ಕಟ್ಟಿ.

ಇದಕ್ಕೆ ನಮ್ಮೂರಲ್ಲೇ ಉದಾಹರಣೆ ಇದೆ. ವಿದುರ ನೆಟ್ಟ ಅಂತ ಹೇಳೋ ಹಳೇ ಅಶ್ವತ್ಥ ಮರ 2001ರಲ್ಲಿ ಉರುಳಿತು, ನಾನು ನೋಡಿಲ್ಲ. ಆದರೆ ಅಶ್ವತ್ಥದ ಸಸಿ ಹಳೇ ಗೋಡೆ ಬಿರುಕಲ್ಲಿ, ಒಂದು ಹಿಡಿ ಮಣ್ಣೂ ಇಲ್ಲದ ಕಡೆ, ಯಾರೂ ನೀರು ಹಾಕದೆ ಚಿಗುರೋದನ್ನ ಎಲ್ಲರೂ ನೋಡಿರ್ತೀರ. ಅಲ್ಲಿ ಅದಕ್ಕೆ ಸಿಗೋದು ಸ್ವಲ್ಪ ತೇವ, ಬೇಕಾದಷ್ಟು ಗಾಳಿ. ಮನಿ ಪ್ಲಾಂಟ್ ಕೂಡ ಮೂಲತಃ ಪೆಸಿಫಿಕ್ ಸಾಗರದ ಮೊರೇಯಾ ದ್ವೀಪದಲ್ಲಿ ಮರ ಹತ್ತಿಕೊಂಡು, ಬೇರನ್ನ ಗಾಳಿಗೆ ಬಿಟ್ಟುಕೊಂಡು ಬದುಕೋ ಬಳ್ಳಿ.

ಉಸಿರು ಕಟ್ಟಿದ ಬೇರಿಗೆ ಆಮೇಲೆ ರೋಗ ಹತ್ತುತ್ತೆ. ಪಿಥಿಯಂ, ಫೈಟಾಫ್ಥೊರಾ ಅನ್ನೋವು ಒದ್ದೆ ಮಣ್ಣಲ್ಲಿ ಈಜಾಡೋ ಬೀಜಕಣಗಳನ್ನ ಬಿಡುತ್ತವೆ. ನೋಡೋಕೆ ಶಿಲೀಂಧ್ರದ ಥರ ಇದ್ದರೂ ಇವು ನಿಜವಾದ ಶಿಲೀಂಧ್ರ ಅಲ್ಲ. ಅದಕ್ಕೇ ಅಂಗಡಿಯವರು ಕೊಡೋ ಕಾರ್ಬೆಂಡಜಿಮ್ ಪುಡಿ ಇವಕ್ಕೆ ನಾಟಲ್ಲ. ತಾತ ಹೇಳೋ ಹಿಪ್ಪುನೇರಳೆಯ ಬೇರು ಕೊಳೆ ಬೇರೆ ಸಂಗತಿ. ಅಲ್ಲಿ ಮುಖ್ಯವಾಗಿ ಮ್ಯಾಕ್ರೊಫೊಮಿನಾ, ಫ್ಯುಸೇರಿಯಂ ಕಾಟ, ಅದು ಒಣ ಬಿಸಿಲಲ್ಲೂ ಬರುತ್ತೆ. ಆದರೆ ಕೊಳೆತ ಗಿಡ ಕಿತ್ತು ಸುಡೋದು, ಗುಂಡಿಯನ್ನ ಬಿಸಿಲಿಗೆ ಬಿಡೋದು, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಕಲಸಿ ಹಾಕೋದು, ಈ ಅಭ್ಯಾಸ ತಾತನಿಗೆ ಕೈಗೆ ಬಂದಿದೆ. ನನ್ನ ಕುಂಡದ ಮಣ್ಣನ್ನೂ ಕೇಳದೆ ದೂರ ಎಸೆದುಬಿಟ್ಟರು.

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಕುಂಡಕ್ಕೆ ತೂತು ಇತ್ತು, ಆದರೂ ಯಾಕೆ ನೀರು ನಿಂತಿತು? ಫಸ್ಟ್ ಇಯರ್ ಅಲ್ಲದಿದ್ದರೆ ಪಿಯುಸಿಯಲ್ಲಿ ಓದಿರೋ ಕ್ಯಾಪಿಲರಿ ಸೂತ್ರ ನೆನಪು ಮಾಡ್ಕೊಳ್ಳಿ. ಸಂದಿನ ರೇಡಿಯಸ್ 0.3 ಮಿಲಿಮೀಟರ್ ಇದ್ದರೆ ನೀರು ಸುಮಾರು 5 ಸೆಂಟಿಮೀಟರ್ ಎತ್ತರಕ್ಕೆ ಗುರುತ್ವಾಕರ್ಷಣೆಗೆ ಜಗ್ಗದೆ ನಿಲ್ಲುತ್ತೆ. 1 ಮಿಲಿಮೀಟರ್ ಇದ್ದರೆ ಒಂದೂವರೆ ಸೆಂಟಿಮೀಟರ್ ಅಷ್ಟೇ. ಅಂದ್ರೆ ನುಣ್ಣನೆ ಮಣ್ಣು ತುಂಬಿದ 12 ಸೆಂಟಿಮೀಟರ್ ಕುಂಡದಲ್ಲಿ, ತೂತಿಂದ ತೊಟ್ಟಿಕ್ಕೋದು ನಿಂತ ಮೇಲೂ ಕೆಳಗಿನ ಐದು ಸೆಂಟಿಮೀಟರ್ ಕೆಸರೇ. ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯೋ ಸ್ಪಂಜನ್ನ ನೀರಲ್ಲಿ ಅದ್ದಿ ಅಡ್ಡಡ್ಡ ಹಿಡೀರಿ. ತೊಟ್ಟಿಕ್ಕೋದು ನಿಂತ ಮೇಲೆ ಉದ್ದುದ್ದ ತಿರುಗಿಸಿ. ಮತ್ತೆ ನೀರು ಸುರಿಯುತ್ತೆ! ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯ್ತು. ಇದೇ ಕಾರಣಕ್ಕೆ ತಳದಲ್ಲಿ ಜಲ್ಲಿ ಹಾಕಿದರೆ ಉಪಯೋಗ ಇಲ್ಲ. ಕೆಸರಿನ ಪದರ ಜಲ್ಲಿ ಮೇಲಕ್ಕೆ, ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತೆ, ಅಷ್ಟೇ. ಇಡೀ ಮಿಶ್ರಣವೇ ದಪ್ಪಗಿರಬೇಕು.

ಚಿಕಿತ್ಸೆ ಅಂತ ನಾವು ಮಾಡಿದ್ದು ಇದು. ಬೇರನ್ನ ಹರಿಯೋ ನೀರಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕಂದು ಬಣ್ಣದ ಮೆತ್ತನೆ ಬೇರೆಲ್ಲ ಕತ್ತರಿಸಿದೆವು. ಬೆಳ್ಳಗೆ ಗಟ್ಟಿಯಾಗಿದ್ದದ್ದು ಎರಡೇ ಎರಡು ಬೇರು. ಅಷ್ಟು ಬೇರು ಎಂಟು ಎಲೆ ಸಾಕಲ್ಲ ಅಂತ ಬಳ್ಳಿಯ ತುದಿಯನ್ನೂ ಕತ್ತರಿಸಿ, ಮೂರು ಗೆಣ್ಣಿನ ತುಂಡುಗಳನ್ನ ಉಪ್ಪಿನಕಾಯಿ ಬಾಟ್ಲಿಗೆ ಹಾಕಿದೆವು. ಗೆಣ್ಣು ಮುಖ್ಯ, ಬರೀ ಎಲೆ ತೊಟ್ಟು ಹಾಕಿದರೆ ಗಿಡ ಆಗಲ್ಲ. ಅದರ ರಸ ತಾಗಿದರೆ ಕೈ ಕೆರೆಯುತ್ತೆ, ತೊಳ್ಕೊಳ್ಳಿ. ಉಳಿದ ಬುಡವನ್ನ ತೊಳೆದ ಚಿಕ್ಕ ಕುಂಡದಲ್ಲಿ ಕೆಂಪು ಮಣ್ಣು, ಕೋಕೋಪೀಟ್, ಪುಡಿ ಸೋಸಿ ತೆಗೆದ ಇಟ್ಟಿಗೆ ಚೂರು ಸಮ ಸಮ ಕಲಸಿ ನೆಟ್ಟೆವು. ಚಿಕ್ಕ ಕುಂಡ ಯಾಕಂದ್ರೆ ಎರಡು ಬೇರು ದೊಡ್ಡ ಕುಂಡದ ನೀರನ್ನ ಎಳೆದು ಮುಗಿಸೋಕಾಗಲ್ಲ. ಯೂಟ್ಯೂಬಲ್ಲಿ ಚಕ್ಕೆ ಪುಡಿ ಉದುರಿಸಿ ಅಂತಾರೆ. ಚಕ್ಕೆ ಪಲಾವ್‌ಗೆ ಇಟ್ಕೊಳ್ಳಿ.

ನೀರು ಯಾವಾಗ ಹಾಕಬೇಕು ಅನ್ನೋದಕ್ಕೆ ತಾತ ಹೇಳಿದ್ದು ನನಗೆ ಯಾವ ಸೆನ್ಸರ್‌ಗಿಂತಲೂ ಹಿಡಿಸಿತು. ನೀರು ಹಾಕಿದ ದಿನ ಒಂದು ಸಲ ಕುಂಡ ಎತ್ತಿ ನೋಡು, ಆಮೇಲೆ ದಿನಾ ಎತ್ತು, ಹಗುರ ಅನ್ನಿಸಿದಾಗ ಹಾಕು. ಮಳೆಗಾಲದಲ್ಲಿ ನಮ್ಮ ರೂಮಲ್ಲಿ ಅದು ಹಗುರ ಆಗೋಕೆ ಹತ್ತು ದಿನ ಬೇಕಾಯ್ತು. ಹಿಂದೆ ನಾವಿಬ್ಬರೂ ಸೇರಿ ಹತ್ತು ದಿನಕ್ಕೆ ಹದಿನೈದು ಸಲ ಹಾಕಿರಬೇಕು. ಈಗ ಕುಂಡದ ಡ್ಯೂಟಿ ನಂದು ಮಾತ್ರ, ರೂಮ್‌ಮೇಟ್‌ಗೆ ಬಾಟ್ಲಿ ನೀರು ಮೂರು ದಿನಕ್ಕೊಮ್ಮೆ ಬದಲಾಯಿಸೋ ಕೆಲಸ.

ಕುಂಡದಲ್ಲಿ ನೆಟ್ಟ ಬುಡ ಉಳಿಯಲಿಲ್ಲ. ಬಾಟ್ಲಿಯ ಮೂರರಲ್ಲಿ ಒಂದು ಕೊಳೆತು ಹೋಯ್ತು, ಒಂದು ಸುಮ್ಮನೆ ನಿಂತಿದೆ, ಇನ್ನೊಂದರ ಗೆಣ್ಣಿಂದ ಮೊನ್ನೆ ಅರ್ಧ ಇಂಚು ಬಿಳೀ ಬೇರು ಬಂದಿದೆ. ನಿನ್ನೆ ಅಜ್ಜಿ ಫೋನ್ ಮಾಡಿದಾಗ ಗಿಡದ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಊಟದ ವಿಷಯ ಮಾತ್ರ ಇನ್ನೂ ಸುಳ್ಳೇ.