ಕೆರೆ ಹೂಳಿನಲ್ಲಿ ಮಳೆಯ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೇಸಿಗೆಯಲ್ಲಿ ಕೆರೆ ಹೂಳು ತೆಗೆದು ತೋಟಕ್ಕೆ ಹಾಕೋದುಂಟು. ಎಂದೂ ಹೂಳೆತ್ತದ ಹಳೇ ಕೆರೆಯಾದರೆ ಆ ಹೂಳಿನಲ್ಲಿ ಹಿಂದಿನ ಮಳೆಗಾಲಗಳ ಲೆಕ್ಕವೂ ಇರುತ್ತದೆ.

ಹೇಗೆ? ಮಳೆನೀರು ಗುಡ್ಡದ ಮಣ್ಣನ್ನು ಕೆರೆಗೆ ತರುತ್ತದೆ. ಅದು ಪದರ ಪದರವಾಗಿ ಕೂರುತ್ತದೆ. ಅಡಿಯದು ಹಳೇದು, ಮೇಲಿನದು ಹೊಸದು. ಕೊಳವೆ ಇಳಿಸಿ, ಪದರ ಕೆಡದಂತೆ ಮಣ್ಣು ತೆಗೆದು, ರೇಡಿಯೋಕಾರ್ಬನ್ ವಿಧಾನದಿಂದ ವಯಸ್ಸು ಕಂಡುಹಿಡಿಯುತ್ತಾರೆ.

ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಹೀಗೇ ಸುಮಾರು 3,700 ವರ್ಷಗಳ ಮುಂಗಾರಿನ ಏರಿಳಿತವನ್ನು ಓದಿದ್ದಾರೆ. ಅವರು ಅಳೆದದ್ದು ಹೂಳಿನ ಕಾಂತೀಯ ಗುಣ. ಮಳೆ ಜಾಸ್ತಿಯಾದರೆ ಸುತ್ತಲಿನ ಮಣ್ಣಿನಲ್ಲಿ ಕಾಂತೀಯ ಖನಿಜ ಹೆಚ್ಚು ಹುಟ್ಟುತ್ತದೆ, ಕೆರೆಗೆ ಹೆಚ್ಚು ಕೊಚ್ಚಿಯೂ ಬರುತ್ತದೆ.

ಮಲೆನಾಡಿನಂಥ ಕಾಡುಸೀಮೆಯಲ್ಲಿ ಹೂವಿನ ಪರಾಗವೂ ಒಳ್ಳೇ ಸಾಕ್ಷಿ. ಮರಗಳ ಪರಾಗ ಇಳಿದು ಹುಲ್ಲಿನದು ಏರಿದ್ದರೆ ಮಳೆ ಕಮ್ಮಿಯಾಗಿರಬಹುದು, ಇಲ್ಲವೇ ಜನ ಕಾಡು ಕಡಿದಿರಬಹುದು. ಜೊತೆಗೆ ಇದ್ದಿಲಿನ ಚೂರು, ಬೆಳೆಗಳ ಪರಾಗ ಸಿಕ್ಕರೆ ಮನುಷ್ಯನ ಕೈವಾಡದ ಅನುಮಾನ ಬಲವಾಗುತ್ತದೆ. ಹಾಗಾಗಿ ಒಂದೇ ಸಾಕ್ಷಿ ನಂಬುವಂತಿಲ್ಲ.

ಹೂಳೆತ್ತೋದು ಬೇಕೇ ಬೇಕು. ಆದರೆ ಜೆಸಿಬಿ ಒಮ್ಮೆ ಪದರ ಕಲಸಿದರೆ ಆ ಲೆಕ್ಕ ಮತ್ತೆ ಸಿಗದು. ಅದಕ್ಕೂ ಮುಂಚೆ ಬಲ್ಲವರನ್ನು ಕರೆಸಿ, ಒಂದು ಕೊಳವೆ ಮಣ್ಣು ತೆಗೆಸಿ, ಮೇಲು-ಕೆಳಗು ಗುರುತು ಹಾಕಿಡಬೇಕು. ನಮ್ಮ ಸಿವಿಲ್ ವಿದ್ಯಾರ್ಥಿಗಳು ಕೈಜೋಡಿಸಬಹುದಾದ ಕೆಲಸವಿದು.