ಹಳೆಯ ಚಿತ್ರಪುಸ್ತಕಕ್ಕೆ ಕೈಹೊಲಿಗೆಯ ಕಟ್ಟು

ಹಳೆಯ ಸಚಿತ್ರ ಪುಸ್ತಕಗಳಲ್ಲಿ ಮೊದಲು ಕಳಚಿಕೊಳ್ಳುವುದು ಚಿತ್ರದ ಹಾಳೆಗಳೇ. ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಆರ್. ನರಸಿಂಹಾಚಾರ್ 1917ರಲ್ಲಿ ಹೊರತಂದಂಥ ಪುಸ್ತಕ ನಿಮ್ಮ ಮನೆಯ ಕಪಾಟಿನಲ್ಲಿದೆ ಎಂದುಕೊಳ್ಳಿ. ಆ ಕಾಲದ ಬಹಳಷ್ಟು ಪುಸ್ತಕಗಳಲ್ಲಿ ಫೋಟೊಗಳನ್ನು ನುಣುಪು ಕಾಗದದ ಮೇಲೆ ಬೇರೆಯಾಗಿ ಮುದ್ರಿಸಿ, ಅಂಚಿಗಷ್ಟೇ ಅಂಟು ಸವರಿ ಪಕ್ಕದ ಪುಟಕ್ಕೆ ಹಚ್ಚುತ್ತಿದ್ದರು. ಕಾಲ ಕಳೆದಂತೆ ಆ ಅಂಟು ಪುಡಿಯಾಗಿ ಚಿತ್ರ ಕೈಗೇ ಬರುತ್ತದೆ.

ಇಂಥ ಪುಸ್ತಕವನ್ನು ಮಾಮೂಲಿ ಬೈಂಡಿಂಗ್‌ಗೆ ಕೊಟ್ಟರೆ ಬೆನ್ನಿನ ಪಕ್ಕದಲ್ಲಿ ರಂಧ್ರ ಕೊರೆದು ಹೊಲಿದು, ಮೂರೂ ಅಂಚು ಕತ್ತರಿಸಿ ಕೊಡುವುದೇ ಹೆಚ್ಚು. ಲೆಕ್ಕದ ಪುಸ್ತಕಕ್ಕೆ ಅದು ಸಾಕು. ಚಿತ್ರಪುಸ್ತಕಕ್ಕೆ ಹಾಗೆ ಮಾಡಿದರೆ ಶಿಲ್ಪದ ಒಂದು ಪಕ್ಕ ಹೊಲಿಗೆಯೊಳಗೆ ಹೂತುಹೋಗುತ್ತದೆ, ಇನ್ನೊಂದು ಪಕ್ಕ ಕತ್ತರಿಗೆ ಬಲಿಯಾಗುತ್ತದೆ. ಪುಸ್ತಕ ಪೂರ್ತಿ ಬಿಚ್ಚಿಕೊಂಡು ಮಲಗಬೇಕು. ನಾವು ಮಾಡಿದ್ದನ್ನು ಮುಂದೆ ಯಾರಾದರೂ ಬಿಡಿಸಲು ಸಾಧ್ಯವಿರಬೇಕು. ಉಳಿದ ಕೆಲಸವೆಲ್ಲ ಈ ಎರಡು ಮಾತಿಗೆ ಬದ್ಧ.

ಪುಟ ತಿರುವುವಾಗಲೇ ಮೂಲೆ ಚೂರಾಗಿ ಉದುರುತ್ತಿದ್ದರೆ ಹೊಲಿಗೆಗೆ ಕೈ ಹಾಕಬೇಡಿ. ಪುಸ್ತಕ ತೀರಾ ಅಪರೂಪದ್ದಾಗಿದ್ದರೂ ಅಷ್ಟೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ತೋರಿಸಿ.

ಬಿಚ್ಚುವುದು

ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಯಾವ ಚಿತ್ರ ಯಾವ ಪುಟದ ಎದುರಿಗಿದೆ ಎಂದು ಬರೆದಿಡಿ. ಮೆತ್ತನೆಯ ಬ್ರಶ್ಶಿನಿಂದ ಧೂಳು ಗುಡಿಸಿ. ರಟ್ಟು ಬಿಡಿಸಿದ ಮೇಲೆ ಬೆನ್ನಿನ ಮೇಲಿನ ಹಳೆಯ ಸರೇಸಿಗೆ ಗಟ್ಟಿ ಗೋಧಿ ಅಂಟು (ಮಾಡುವ ಬಗೆ ಮುಂದಿದೆ) ಬಳಿದು ಹದಿನೈದು ನಿಮಿಷ ಬಿಟ್ಟರೆ ಸರೇಸು ಮೆತ್ತಗಾಗುತ್ತದೆ. ಮೊಂಡು ಬಿದಿರಿನ ಪಟ್ಟಿಯಿಂದ ಅದನ್ನು ಕೆರೆದು ತೆಗೆಯಿರಿ. ಒಟ್ಟಿಗೆ ಮಡಿಚಿ ಹೊಲಿದ ಹಾಳೆಗಳ ಕಂತೆಯೇ ಫಾರಂ. ಅದರ ಮಧ್ಯದ ದಾರ ಕತ್ತರಿಸಿ ಒಂದೊಂದೇ ಫಾರಂ ಬೇರ್ಪಡಿಸಿ. ಎಳೆಯಬೇಡಿ.

ಅಂಟು ಮತ್ತು ಪಟ್ಟಿ

ಅಂಟು ಮನೆಯಲ್ಲೇ ಆಗುತ್ತದೆ. ಹಲ್ವಕ್ಕೆ ಮಾಡುವಂತೆ ಗೋಧಿ ಹಾಲು ತೆಗೆದು, ತಳದಲ್ಲಿ ಕೂತ ಪಿಷ್ಟವನ್ನು ಒಣಗಿಸಿಕೊಳ್ಳಿ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ, ಆರಿದ ಮೇಲೆ ಸೋಸಿ. ಹುಳ ಬಾರದಿರಲೆಂದು ಮೈಲುತುತ್ತ ಸೇರಿಸುವ ಹಳೆಯ ಪದ್ಧತಿ ಬೇಡ. ತಾಮ್ರದ ಅಂಶ ಕಾಗದವನ್ನೇ ತಿನ್ನುತ್ತದೆ. ಫೆವಿಕಾಲ್, ಸೆಲ್ಲೊಟೇಪ್ ಪುಸ್ತಕದ ಹಾಳೆಗಳ ಹತ್ತಿರವೂ ಸುಳಿಯಬಾರದು.

ಇಡೀ ಕೆಲಸದ ಜೀವ ಇರುವುದು ಪಟ್ಟಿ ಕಟ್ಟುವುದರಲ್ಲಿ. ಗಟ್ಟಿ ನಾರಿನ ತೆಳು ಜಪಾನಿ ಕಾಗದವನ್ನು ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಕೊಯ್ದು, ಮೂರು ಮಿಲಿಮೀಟರಿನಷ್ಟು ಮಾತ್ರ ಚಿತ್ರದ ಬೆನ್ನಂಚಿಗೆ ಅಂಟಿಸಿ. ಉಳಿದ ಭಾಗವನ್ನು ಫಾರಂ ಸುತ್ತ ಮಡಿಚಿ. ಈಗ ದಾರ ಹಾಯುವುದು ಪಟ್ಟಿಯ ಮೂಲಕ. ಚಿತ್ರಕ್ಕೆ ಸೂಜಿ ತಾಗುವುದೇ ಇಲ್ಲ, ಅದು ಬಾಗಿಲಿನಂತೆ ಪೂರ್ತಿ ತೆರೆದುಕೊಳ್ಳುತ್ತದೆ. ನುಣುಪು ಕಾಗದದ ಮೇಲಿನ ಜೇಡಿ ಲೇಪ ಒದ್ದೆಯಾದರೆ ಎದುರು ಪುಟಕ್ಕೆ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಆದ್ದರಿಂದ ಅಂಟಿನ ಪದರ ತೀರಾ ತೆಳುವಾಗಿರಲಿ, ಎರಡೂ ಬದಿಗೆ ಪಾಲಿಯೆಸ್ಟರ್ ಹಾಳೆ ಇಟ್ಟು ಒಣಗಿಸಿ. ಮಳೆಗಾಲದಲ್ಲಿ ಈ ಹಂತಕ್ಕೆ ಅವಸರವೇ ಸಲ್ಲದು.

ಹೊಲಿಗೆ

ಮೇಣ ಸವರಿದ ಲಿನನ್ ದಾರದಿಂದ, ಬೆನ್ನಿಗೆ ಅಡ್ಡಲಾಗಿ ಇಟ್ಟ ಮೂರು ಅಥವಾ ನಾಲ್ಕು ಹತ್ತಿಯ ಲಾಡಿಗಳ ಮೇಲೆ ಫಾರಂಗಳನ್ನು ಮಡಿಕೆಯ ನಡುವಿನಿಂದ ಹೊಲಿಯಿರಿ. ಪಟ್ಟಿಗಳಿಂದ ಬೆನ್ನು ಉಬ್ಬುತ್ತದೆ, ಹಾಗಾಗಿ ತೆಳು ದಾರವೇ ಇರಲಿ. ಹಿಂದೆ ಮುಂದೆ ಆಮ್ಲರಹಿತ ಕಾಗದದ ಖಾಲಿ ಹಾಳೆಗಳನ್ನು ಸೇರಿಸಿ. ಬೆನ್ನಿಗೆ ಅಂಟು ಬಳಿದು, ಅದು ಇನ್ನೂ ಹಸಿಯಿರುವಾಗಲೇ ದುಂಡಗೆ ರೂಪಿಸಿ, ತೆಳು ಬಟ್ಟೆ ಹಚ್ಚಿ. ಬೆನ್ನಿನ ಎರಡು ತುದಿಗೂ ರೇಷ್ಮೆ ದಾರದಲ್ಲಿ ಎರಡು ಬಣ್ಣದ ಹೆಣಿಗೆ ಹೆಣೆದರೆ ಕಟ್ಟಿಗೆ ಕಳೆ ಬರುತ್ತದೆ.

ಹೊರಮೈ

ಹೊಸ ರಟ್ಟನ್ನು ಎರಡೂ ಕಡೆಗೆ ಬಾಗಿಸಿ ನೋಡಿ. ಬೆನ್ನಿಗೆ ಸಮಾನಾಂತರವಾದ ಗೆರೆಯಲ್ಲಿ ಅದು ಸುಲಭವಾಗಿ ಬಾಗಬೇಕು. ಇಲ್ಲದಿದ್ದರೆ ಮುಂದೆ ಸೊಟ್ಟಗಾಗುತ್ತದೆ.

ಹೊದಿಕೆಯ ಅಲಂಕಾರ ಪುಸ್ತಕದೊಳಗಿನಿಂದಲೇ ಹುಟ್ಟಬೇಕೆಂಬುದು ನನ್ನ ನಿಲುವು. ಚಿತ್ರಕಾರ ಬರ್ನ್-ಜೋನ್ಸ್ ರಚಿಸಿದ 87 ಚಿತ್ರಗಳಿದ್ದ, ಇಂಗ್ಲೆಂಡಿನ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ಚಾಸರ್ (1896) ಸಂಪುಟದ ಕೆಲವು ಪ್ರತಿಗಳಿಗೆ ಆ ಮುದ್ರಣಾಲಯದ ಸ್ಥಾಪಕ ವಿಲಿಯಂ ಮಾರಿಸ್ ಬಿಳಿ ಹಂದಿತೊಗಲಿನ ಹೊದಿಕೆ ಹಾಕಿಸಿದ. ಅದರ ಮೇಲೆ ಚಿನ್ನವಿಲ್ಲದೆ ಬರೀ ಒತ್ತಿ ಮೂಡಿಸಿದ ಬಳ್ಳಿಗಳು ಒಳಪುಟಗಳ ಅಂಚಿನ ಬಳ್ಳಿಗಳಿಗೆ ನೆಂಟರಂತಿವೆ. ಸೋಮನಾಥಪುರದ ಪುಸ್ತಕಕ್ಕೆ ನಾನಾದರೆ ದೇವಾಲಯ ನಿಂತಿರುವ ನಕ್ಷತ್ರಾಕಾರದ ಜಗತಿಯ ಹೊರಗೆರೆಯೊಂದನ್ನೇ ಆರಿಸುವೆ. ಬೆನ್ನು ಮತ್ತು ಮೂಲೆಗಳಿಗೆ ಮರದ ತೊಗಟೆಯಲ್ಲಿ ಹದ ಮಾಡಿದ ಮೇಕೆ ಚರ್ಮ. ಅದರ ಅಂಚುಗಳನ್ನು ಕಾಗದದಷ್ಟು ತೆಳ್ಳಗೆ ಹೆರೆಯಬೇಕು. ಉಳಿದ ಭಾಗಕ್ಕೆ ಗುಳೇದಗುಡ್ಡದ ಖಣ. ಒದ್ದೆ ಹತ್ತಿಯಿಂದ ಉಜ್ಜಿ ಖಣದ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿ, ಹಿಂಬದಿಗೆ ತೆಳು ಕಾಗದ ಹಚ್ಚಿದ ಮೇಲೆಯೇ ಬಳಸಿ.

ಚರ್ಮವನ್ನು ಸ್ವಲ್ಪ ತೇವ ಮಾಡಿ, ಬೆಚ್ಚಗಿನ ಹಿತ್ತಾಳೆ ಅಚ್ಚಿನಿಂದ ಗೆರೆಗಳನ್ನು ಒತ್ತಿ. ಒದ್ದೆ ಬಟ್ಟೆಗೆ ತಾಗಿಸಿದಾಗ ಅಚ್ಚು ಚುಯ್ ಎಂದರೆ ಇನ್ನಷ್ಟು ಆರಬೇಕು. ಚೂರು ಚರ್ಮದ ಮೇಲೆ ಕೈ ಪಳಗಿಸಿಕೊಳ್ಳದೆ ಪುಸ್ತಕವನ್ನು ಮುಟ್ಟಬೇಡಿ.

ಕಟ್ಟು ಮುಗಿದ ಪುಸ್ತಕ ಭಾರದಡಿ ಎರಡು ಮೂರು ದಿನ ಒಣಗಲಿ. ಹಳೆಯ ರಟ್ಟು, ಬೆನ್ನಿನ ಚೂರು, ಹಿಂದಿನ ಒಡೆಯರ ಹೆಸರಿರುವ ಚೀಟಿ, ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ. ಯಾವ ಅಂಟು, ಯಾವ ದಾರ ಬಳಸಿದಿರಿ ಎಂದು ಪೆನ್ಸಿಲಿನಲ್ಲಿ ಬರೆದ ಕಾಗದವನ್ನೂ ಅದರ ಜೊತೆ ಸೇರಿಸಿ, ಪುಸ್ತಕದ ಪಕ್ಕದಲ್ಲೇ ಇಡಿ.